ಪರದೆಯೊಳಗೇ ನಡೆಯುವ ಸಿನಿಮಾ

2020ರ ಲಾಕ್‌ಡೌನ್ ದಿನಗಳಲ್ಲಿ ನಮ್ಮ ಗಡಿಭಾಗದ ಮಕ್ಕಳು ಪಾಠವನ್ನು ಮೊಬೈಲಿನಲ್ಲಿ ನೋಡಿದ್ದು ನೆನಪಿರಬಹುದು. ಮನೆಗೆ ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಅದೇ ವರ್ಷ ಸೆಪ್ಟೆಂಬರ್ 1ರಂದು ಅಮೆಜಾನ್ ಪ್ರೈಮ್‌ನಲ್ಲಿ 'ಸಿ ಯೂ ಸೂನ್' ಎಂಬ ಮಲಯಾಳಂ ಚಿತ್ರ ಬಂತು. ಮಹೇಶ್ ನಾರಾಯಣನ್ ಅದನ್ನು ಐಫೋನಿನಲ್ಲಿ ಚಿತ್ರೀಕರಿಸಿದ್ದರು. ಗಲ್ಫಿನಲ್ಲಿ ಒಬ್ಬ ಹೆಣ್ಣುಮಗಳು ಕಾಣೆಯಾಗುತ್ತಾಳೆ. ಹುಡುಕಾಟವೆಲ್ಲ ಕಂಪ್ಯೂಟರ್ ಮತ್ತು ಫೋನಿನ ಪರದೆಗಳಲ್ಲೇ ನಡೆಯುತ್ತದೆ.

ಈ ಬಗೆಯ ಕಥನ ತೀರಾ ಹೊಸದೇನಲ್ಲ. 1897ರ 'ಡ್ರಾಕುಲಾ' ಕಾದಂಬರಿಯನ್ನು ಬ್ರಾಮ್ ಸ್ಟೋಕರ್ ಪತ್ರ, ದಿನಚರಿ, ತಂತಿ ಸಂದೇಶಗಳಲ್ಲೇ ಹೇಳಿದ್ದ. ಪತ್ರದ ಜಾಗಕ್ಕೆ ಚಾಟ್ ಬಂದಿದೆ, ಅಷ್ಟೇ. 2014ರ 'ಅನ್‌ಫ್ರೆಂಡೆಡ್' ಒಂದೇ ಹುಡುಗಿಯ ಲ್ಯಾಪ್‌ಟಾಪ್ ಪರದೆಯಲ್ಲಿ ನಡೆಯುವ ದೆವ್ವದ ಚಿತ್ರ. ನಮಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಹಿಡಿಸಿದ್ದು 2018ರ 'ಸರ್ಚಿಂಗ್'. ನಿರ್ದೇಶಕ ಅನೀಶ್ ಚಾಗಂಟಿ ಅಮೆರಿಕದಲ್ಲಿ ಹುಟ್ಟಿದ, ತೆಲುಗು ಮನೆತನದ ಹುಡುಗ. ಚಿತ್ರೀಕರಣ ಮುಗಿದದ್ದು 13 ದಿನಗಳಲ್ಲಿ, ಸಂಕಲನಕ್ಕೆ ಹಿಡಿದದ್ದು ವರ್ಷಕ್ಕೂ ಹೆಚ್ಚು. ಮಗಳು ಕಾಣೆಯಾದ ಮೇಲೆ ತಂದೆ ಅವಳ ಲ್ಯಾಪ್‌ಟಾಪ್ ತೆರೆಯುತ್ತಾನೆ. ತನ್ನ ಮಗಳ ಸ್ನೇಹಿತರು ಯಾರೆಂದೇ ಅವನಿಗೆ ಗೊತ್ತಿಲ್ಲ! ಪೋಷಕರ ಸಭೆಗೆ ಬರುವ ಎಷ್ಟೋ ತಂದೆಯರು ನೆನಪಾದರು. ಇನ್ನೊಂದು ಮಾತು. ತಂದೆ ಮಗಳಿಗೆ, ತೀರಿಹೋದ ಅವಳ ತಾಯಿಯ ಬಗ್ಗೆ ಒಂದು ಸಾಲು ಟೈಪ್ ಮಾಡಿ, ಕಳಿಸದೆ ಅಳಿಸುತ್ತಾನೆ. ಅವನ ಮುಖ ನೋಡದೆಯೇ ನಮಗೆ ಅವನ ಸಂಕಟ ತಿಳಿಯುತ್ತದೆ.

ಅಂದರೆ ಇಂಥ ಚಿತ್ರದಲ್ಲಿ ಪರದೆಯ ಮೇಲಿನ ಅಕ್ಷರವೂ ಒಂದು ಪಾತ್ರ. ನಮ್ಮ ಕಡೆ ಇಂಥದೊಂದು ಚಿತ್ರ ತೆಗೆದರೆ ಅದರಲ್ಲಿ ಯಾವ ಅಕ್ಷರ ಕಾಣಬೇಕು? 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ಅದರ ತಾಲ್ಲೂಕಾಗಿದ್ದ ರಾಯದುರ್ಗ ಆಂಧ್ರಕ್ಕೆ ಬಂತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ, ರಾಜ್ಯ ಬದಲಾದರೂ ಮನೆಮಾತು ಉಳಿದಿದೆ. ಕಂಪ್ಯೂಟರಿನಲ್ಲೂ ನಾವು ಅಕ್ಕಪಕ್ಕದವರೇ: 1991ರ ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿನ ಮಗ್ಗುಲಿಗೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಜಾಗವೇನೋ ಇದೆ, ಆದರೆ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ.

ಲಾಕ್‌ಡೌನಿನಲ್ಲಿ ಒಂದು ಸಂಜೆ ವಾಟ್ಸಾಪ್‌ನಲ್ಲಿ ಪದ್ಯದ ಮೇಲೊಂದು ಪ್ರಶ್ನೆ ಕೇಳಿದ್ದೆವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಹೆಸರಿನ ಮುಂದೆ 'ಟೈಪಿಂಗ್' ಎಂದು ಬರುವುದು, ನಿಲ್ಲುವುದು, ಮತ್ತೆ ಬರುವುದು. ಉತ್ತರ ಮಾತ್ರ ಇಲ್ಲ. ಓದಿಲ್ಲವೇನೋ ಎಂದುಕೊಂಡೆವು. ಅರ್ಧ ಗಂಟೆಯ ಮೇಲೆ ಒಂದು ಫೋಟೋ ಬಂತು. ನೋಟ್ ಬುಕ್ಕಿನ ಹಾಳೆಯಲ್ಲಿ ದುಂಡಗಿನ ಕನ್ನಡದಲ್ಲಿ ಪೂರ್ತಿ ಉತ್ತರ. ಕೆಳಗೆ, "ಸಾರ್, ಫೋನಲ್ಲಿ ಕನ್ನಡ ಬರ್ತಿಲ್ಲ" ಎಂದಿತ್ತು. ಮರುವಾರ ಅವರ ಮನೆಗೆ ಹೋಗಿ ಕನ್ನಡ ಕೀಲಿಮಣೆ ಹಾಕಿಕೊಟ್ಟು ಬಂದೆವು.