ಹತ್ತು ತುಂಬಿದ್ದರೆ ಸಾಕಿತ್ತು!

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿಯುತ್ತಾ ಗೆಳತಿ ಕೇಳಿದಳು, "ಗಂಡ ಬಲವಂತ ಮಾಡಿದರೂ ಅದು ಅತ್ಯಾಚಾರವೇ ತಾನೆ?" ಕಾನೂನಿನ ಪ್ರಕಾರ ಅಲ್ಲ ಅಂದೆ. ಅವಳು ನಂಬಲಿಲ್ಲ.

ಮನೆಗೆ ಬಂದು ಹಳೆಯದನ್ನೆಲ್ಲಾ ಕೆದಕಿದೆ. 1860ರ ದಂಡ ಸಂಹಿತೆಯ 375ನೇ ಕಲಮು, ಹೆಂಡತಿಗೆ 10 ತುಂಬಿದ್ದರೆ ಗಂಡನನ್ನು ಬಿಟ್ಟುಬಿಡುತ್ತಿತ್ತು. ಹತ್ತು! ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಪುಟ್ಟ ಹುಡುಗಿ ಗಂಡನ ಬಲವಂತಕ್ಕೆ ಸಿಕ್ಕಿ ಸತ್ತ ಮೇಲೆ, 1891ರಲ್ಲಿ ಅದು 12 ಆಯಿತು. ಆಮೇಲೆ 15. 2017ರಲ್ಲಿ ಸುಪ್ರೀಂ ಕೋರ್ಟು 18 ಎಂದಿತು.

2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ನಾಗಪ್ರಸನ್ನ ಅವರು, ಗಂಡನೊಬ್ಬನ ಮೇಲಿದ್ದ ಅತ್ಯಾಚಾರದ ಆರೋಪ ಕೈಬಿಡಲು ಒಪ್ಪಲಿಲ್ಲ. ಜುಲೈನಲ್ಲಿ ಅದಕ್ಕೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2024ರಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಆ ವಿನಾಯಿತಿ ಹಾಗೇ ಕೂತಿದೆ.

ಇಷ್ಟು ವರ್ಷ ಈ ಕಲಮು ಅವಳ ವಯಸ್ಸು ಕೇಳಿದ್ದೇ ಬಂತು... ಒಪ್ಪಿಗೆ ಇತ್ತಾ ಅಂತ ಇನ್ನೂ ಕೇಳಿಲ್ಲ. ನಾಳೆ ಗೆಳತಿಗೆ ಇದನ್ನೇ ಹೇಳಬೇಕು.