ಕಾರಿಗೆ 15 ವರ್ಷ ಆಯ್ತಾ? ಗುಜರಿಗೆ ಹಾಕೋ ಮೊದಲು ಇದನ್ನ ಓದಿ: ಎಫ್‌ಸಿ, ಆರ್‌ಸಿ ನವೀಕರಣದ ಪೂರ್ತಿ ಮಾಹಿತಿ

ಮನೆ ಮುಂದಿನ ಮಾರುತಿ 800ಗೋ, ಅಪ್ಪನ ಕಾಲದ ಅಂಬಾಸಿಡರ್‌ಗೋ 15 ವರ್ಷ ದಾಟಿತು ಅಂದ್ರೆ 'ಇನ್ನು ಓಡಿಸೋ ಹಾಗಿಲ್ಲ, ಗುಜರಿಗೆ ಹಾಕಿ' ಅನ್ನುವವರೇ ಹೆಚ್ಚು. ಈ ಮಾತು ನಂಬಿ ಒಳ್ಳೆ ಕಂಡೀಷನ್‌ನಲ್ಲಿರುವ ಗಾಡಿಯನ್ನ ಕಬ್ಬಿಣದ ರೇಟಿಗೆ ಕೊಟ್ಟುಬಿಡಬೇಡಿ. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಅಂಥ ನಿಯಮ ಇಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. 2023ರ ಏಪ್ರಿಲ್‌ನಿಂದ 15 ವರ್ಷಕ್ಕೆ ನೋಂದಣಿ ರದ್ದಾಗುತ್ತಿರುವುದು ಸರ್ಕಾರಿ ವಾಹನಗಳದ್ದು. ನಿಮ್ಮ ಕಾರು ತಪಾಸಣೆಯಲ್ಲಿ ಪಾಸಾದರೆ ಇನ್ನೂ 5 ವರ್ಷ ಓಡಿಸಬಹುದು. ಆಮೇಲೂ 5 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು.

ಯಾರಿಗೆ, ಯಾವಾಗ?

ವೈಟ್ ಬೋರ್ಡ್ ಕಾರು, ಬೈಕ್‌ಗೆ ಮೊದಲ ನೋಂದಣಿ 15 ವರ್ಷಕ್ಕೆ. ಹಳದಿ ಬೋರ್ಡ್ ಗಾಡಿಗಳ ಲೆಕ್ಕ ಬೇರೆ. ಅಂಗಡಿಗೆ ಮಾಲು ತರುವ ಗೂಡ್ಸ್ ಆಟೊ, ಟೆಂಪೊಗಳಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ ಎಫ್‌ಸಿ, 8 ವರ್ಷ ದಾಟಿದರೆ ಪ್ರತಿ ವರ್ಷ. ಇವುಗಳ ಎಫ್‌ಸಿ ಮುಗಿದ ಮೇಲೆ ತಡ ಮಾಡಿದರೆ ದಿನಕ್ಕೆ 50 ರೂ. ಹೆಚ್ಚುವರಿ ಶುಲ್ಕ ಬೀಳುತ್ತದೆ.

ಅರ್ಜಿ ಹೇಗೆ?

ಆರ್‌ಸಿ ಅವಧಿ ಮುಗಿಯುವ 60 ದಿನ ಮೊದಲೇ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಪರಿವಾಹನ್ ವೆಬ್‌ಸೈಟ್‌ನಲ್ಲಿ ಅರ್ಜಿ ತುಂಬಿ, ಹಣ ಕಟ್ಟಿ, ಗಾಡಿಯನ್ನ ಆರ್‌ಟಿಒ ಅಥವಾ ಎಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ವಿಳಾಸದ ದಾಖಲೆ ಜೊತೆಗಿರಲಿ. ಬಾಕಿ ಟ್ರಾಫಿಕ್ ದಂಡ ಇದ್ದರೆ ಮೊದಲೇ ಕಟ್ಟಿಬಿಡಿ. ಹಸಿರು ತೆರಿಗೆಯನ್ನೂ ಕಟ್ಟಬೇಕು.

ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ತಂದು ಅದನ್ನ ತೆಗೆಸಿಕೊಳ್ಳಿ.

ಖರ್ಚೆಷ್ಟು?

15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂ., ಬೈಕ್‌ಗೆ 1,000 ರೂ. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ, 20 ವರ್ಷ ದಾಟಿದ್ದರೆ ಕಾರಿಗೆ 10,000 ರೂ., ಬೈಕ್‌ಗೆ 2,000 ರೂ. ತಡವಾದರೆ ತಿಂಗಳಿಗೆ ಕಾರಿಗೆ 500 ರೂ., ಬೈಕ್‌ಗೆ 300 ರೂ. ಸೇರುತ್ತದೆ. ಒಂದು ವರ್ಷ ಸುಮ್ಮನೆ ಬಿಟ್ಟರೆ ಕಾರಿಗೆ ಅದೇ 6,000 ರೂ. ಏಜೆಂಟ್ ಹತ್ತಿರ ಹೋಗೋದಾದರೂ ಸರ್ಕಾರಿ ಶುಲ್ಕದ ರಸೀದಿ ಕೇಳಿ ಪಡೆಯಿರಿ.

ಬ್ರೇಕ್ ಇನ್‌ಸ್ಪೆಕ್ಟರ್ ಏನು ನೋಡ್ತಾರೆ?

ಚಾಸಿ ನಂಬರ್: ಹಳೇ ಗಾಡಿಗಳು ಸಿಕ್ಕಿಹಾಕಿಕೊಳ್ಳುವ ಜಾಗ ಇದು. ತುಕ್ಕು, ಗ್ರೀಸ್, ಪೇಂಟ್ ಕೆಳಗೆ ನಂಬರ್ ಮುಚ್ಚಿಹೋಗಿರುತ್ತದೆ. ಸೀಮೆಎಣ್ಣೆ ಹಾಕಿ ನಿಧಾನಕ್ಕೆ ಉಜ್ಜಿಸಿ. ಅಳಿಸಿದ್ದರೆ ಗ್ಯಾರೇಜ್‌ನಲ್ಲಿ ನೀವೇ ಪಂಚ್ ಹೊಡೆಸಬೇಡಿ, ಆರ್‌ಟಿಒದಲ್ಲೇ ಕೇಳಿ.

ಬದಲಾವಣೆ: ಎಂಜಿನ್ ಬದಲಿಸಿದ್ದರೆ, ಗ್ಯಾಸ್ ಕಿಟ್ ಹಾಕಿಸಿದ್ದರೆ, ಬಣ್ಣ ಬದಲಾಗಿದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಗಾಡಿ ಎಷ್ಟೇ ಚೆನ್ನಾಗಿದ್ದರೂ ಆರ್‌ಸಿಗೂ ಗಾಡಿಗೂ ತಾಳೆ ಆಗದಿದ್ದರೆ ವಾಪಸ್ ಕಳಿಸುತ್ತಾರೆ.

ಬ್ರೇಕ್, ಸ್ಟೀರಿಂಗ್: ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆದರೆ ವೀಲ್ ಸಿಲಿಂಡರ್ ಲೀಕ್ ಇರಬಹುದು. ಹ್ಯಾಂಡ್ ಬ್ರೇಕ್ ಹಿಡಿಯಲೇಬೇಕು. ಅಂಬಾಸಿಡರ್, ಫಿಯೆಟ್ ಇದ್ದವರು ಮುಂದಿನ ಚಕ್ರ ಜಾಕ್ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಆಟ ಬಂದರೆ ಕಿಂಗ್‌ಪಿನ್ ಅಥವಾ ಬೇರಿಂಗ್ ಸವೆದಿದೆ ಅಂತ ಅರ್ಥ.

ಲೈಟು, ಹಾರ್ನು: ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ವೈಪರ್, ಟೈರ್, ನಂಬರ್ ಪ್ಲೇಟ್ ನೋಡುತ್ತಾರೆ. 2019ರ ಏಪ್ರಿಲ್‌ಗೆ ಮೊದಲಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಕಡ್ಡಾಯ.

ಹೊಗೆ: ಬಿಎಸ್-2ಕ್ಕಿಂತ ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ 3ರವರೆಗೆ ಇರಬಹುದು. ಬಿಎಸ್-2, ಬಿಎಸ್-3 ಕಾರಿಗೆ ಶೇ 0.5 ಮಾತ್ರ. ಏರ್ ಫಿಲ್ಟರ್, ಪ್ಲಗ್ ಸ್ವಚ್ಛ ಮಾಡಿಸಿ, ಕಾರ್ಬುರೇಟರ್ ಟ್ಯೂನ್ ಮಾಡಿಸಿ, ಎಂಜಿನ್ ಬಿಸಿಯಾದ ಮೇಲೆ ಟೆಸ್ಟ್‌ಗೆ ನಿಲ್ಲಿಸಿ. ಬಿಎಸ್-4ಕ್ಕಿಂತ ಹಳೆಯದಕ್ಕೆ ಈ ಸರ್ಟಿಫಿಕೇಟ್ 6 ತಿಂಗಳಷ್ಟೇ ನಡೆಯೋದು.

ಫೇಲ್ ಆದರೆ ಗಾಡಿ ಕಥೆ ಮುಗೀತು ಅಂತಲ್ಲ. ಏನು ಕೊರತೆ ಅಂತ ಕೇಳಿಕೊಂಡು, ಸರಿ ಮಾಡಿಸಿ ಮತ್ತೆ ತೋರಿಸಬಹುದು.

50 ವರ್ಷ ದಾಟಿದ್ದರೆ

ಮೂಲ ರೂಪದಲ್ಲೇ ಇರುವ, 50 ವರ್ಷ ದಾಟಿದ ಕಾರು, ಬೈಕ್‌ಗಳನ್ನ 2021ರ ನಿಯಮದಂತೆ ವಿಂಟೇಜ್ ಅಂತ ನೋಂದಾಯಿಸಬಹುದು. 'ವಿಎ' ಅಕ್ಷರ ಇರುವ ಬೇರೆ ನಂಬರ್ ಸಿಗುತ್ತದೆ. ಅವಧಿ 10 ವರ್ಷ, ಹೊಸ ನೋಂದಣಿ ಶುಲ್ಕ 20,000 ರೂ. ಆದರೆ ದಿನನಿತ್ಯ ಸಂತೆಗೆ, ಮದುವೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದಕ್ಕಷ್ಟೇ ರಸ್ತೆಗೆ ಇಳಿಸಬಹುದು. ದಿನಾ ಬಳಸುವವರಿಗೆ ಮಾಮೂಲಿ ನವೀಕರಣವೇ ಸರಿ.

ಅವಧಿ ಮುಗಿದ ಗಾಡಿ ಓಡಿಸಿದರೆ

ಮೊದಲ ಸಲ 5,000 ರೂ.ವರೆಗೆ ದಂಡ. ಅದಕ್ಕಿಂತ ದೊಡ್ಡ ಹೊಡೆತ ಅಪಘಾತ ಆದಾಗ. ಆರ್‌ಸಿ ಊರ್ಜಿತ ಇಲ್ಲ ಅಂತ ವಿಮಾ ಕಂಪನಿ ತಕರಾರು ಎತ್ತಿದರೆ ಪರಿಹಾರದ ಹೊರೆ ಮಾಲೀಕನ ತಲೆಗೇ ಬರಬಹುದು.

ಗಾಡಿ ಬೇಡವೇ ಬೇಡ ಅಂದ್ರೂ ಗುಜರಿಯವನಿಗೆ ಕೊಟ್ಟು ಸುಮ್ಮನಾಗಬೇಡಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಆರ್‌ಸಿ ರದ್ದು ಮಾಡಿಸಿ. ಇಲ್ಲದಿದ್ದರೆ ಆ ನಂಬರ್ ನಿಮ್ಮ ಹೆಸರಲ್ಲೇ ಉಳಿಯುತ್ತದೆ, ನಾಳೆ ಏನಾದರೂ ಆದರೆ ನೋಟಿಸ್ ಬರೋದೂ ನಿಮ್ಮ ಮನೆಗೇ.

ಶುಲ್ಕ ಆಗಾಗ ಪರಿಷ್ಕರಣೆ ಆಗುವುದರಿಂದ ಹಣ ಕಟ್ಟುವ ಮುನ್ನ ಪರಿವಾಹನ್ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.