ನಾಲ್ಕು ಕವಡೆ, ಹದಿನಾರು ಬಗೆ

ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರುಗಳಲ್ಲಿ ಚೌಕಾಬಾರ ಆಡಲು ದುಡ್ಡು ಬೇಕಿರಲಿಲ್ಲ. ನೆಲದ ಮೇಲೆ ಇದ್ದಲಿಯಿಂದ ಐದೈದರ ಇಪ್ಪತ್ತೈದು ಮನೆ ಬರೆದು ನಾಲ್ಕು ಕವಡೆ ಹುಡುಕಿದರೆ ಆಟ ಶುರು. ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಂಡರಾಯಿತು. ಕಾಯಿಗೆ ಬಳೆಚೂರು, ಹರಳು.

ಇದರೊಳಗಿನ ಗಣಿತ ಸಣ್ಣದಲ್ಲ. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಇವೆರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಹೊರಸುತ್ತು, ಒಳಸುತ್ತು ಮುಗಿಸಿ ನಡುಮನೆಯಲ್ಲಿ ಹಣ್ಣಾಗಲು ಒಂದು ಕಾಯಿ 24 ಮನೆ ನಡೆಯಬೇಕು. ನಾಲ್ಕು ಕಾಯಿಗೆ 96. ಎದುರಾಳಿಯ ಕಾಯಿ ಐದು ಮನೆ ಮುಂದಿದೆ ಎನ್ನಿ. ಐದರ ಗರವೇ ಇಲ್ಲ. ಚೌಕ ಬಿದ್ದು, ಮರಳಿ ಹಾಕಿದಾಗ ಒಂದು ಬಿದ್ದರೆ ಕಡಿಯಬಹುದು. ಇಲ್ಲವೇ ಈಗ ಎರಡು ನಡೆದು ಮುಂದಿನ ಸರದಿಗೆ ಮೂರನ್ನು ಕಾಯಬೇಕು. ಅಷ್ಟರಲ್ಲಿ ಆ ಕಾಯಿ, ಯಾರೂ ಕಡಿಯಲಾಗದ ಕಟ್ಟೆಯ ಮನೆ ಸೇರಿಬಿಡಬಹುದು. ಕೂಡುವುದು, ಕಳೆಯುವುದು, ಮುಂದಾಲೋಚನೆ ಎಲ್ಲವೂ ಇಲ್ಲಿ ಒಟ್ಟಿಗೇ ನಡೆಯುತ್ತವೆ.

ಎರಡು ಪದೇ ಪದೇ ಬೀಳುತ್ತದೆ, ಚೌಕ ಅಪರೂಪ ಎಂಬುದು ಆಡಿದ ಮಕ್ಕಳಿಗೆಲ್ಲ ಗೊತ್ತು. ನಾಲ್ಕು ಕವಡೆ ಬೀಳುವ ಬಗೆ 16. ಅವುಗಳಲ್ಲಿ ಎರಡರ ಗರಕ್ಕೆ 6, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೂ ಎಂಟಕ್ಕೂ ಒಂದೊಂದೇ. ನಾಲ್ಕರಲ್ಲಿ ಎರಡನ್ನು ಆರಿಸುವ ಇಂಥ ಲೆಕ್ಕಕ್ಕೆ ಸಾಮಾನ್ಯ ಸೂತ್ರ ಹೇಳಿದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ‘ಗಣಿತಸಾರಸಂಗ್ರಹ’ದಲ್ಲಿ. ಧಾರವಾಡ ಸೀಮೆ ಆಗ ಅದೇ ಅರಸರ ಆಳ್ವಿಕೆಯಲ್ಲಿತ್ತು. ಆಟದ ಮನೆಗಳೂ ಹಳೆಯವೇ: ಹಂಪಿಯ ಮಂಟಪಗಳ ಕಲ್ಲುಹಾಸಿನಲ್ಲಿ ಕೊರೆದ ಆಟದ ಗೆರೆಗಳು, ಗುಳಿಗಳು ಇಂದಿಗೂ ಕಾಣುತ್ತವೆ.

ಹಿಂದಿನ ಕಾಲದ ಹಳ್ಳಿಶಾಲೆಯಾದ ಐಗಳ ಮಠದಲ್ಲಿ ಮಾತ್ರ ಆಟಕ್ಕೆ ಜಾಗವಿರಲಿಲ್ಲ. ಅಲ್ಲಿ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಸಹ ಬಾಯಿಪಾಠ. ಅದಕ್ಕೆ ಕಾರಣವೂ ಇತ್ತು. 1957ರ ಏಪ್ರಿಲ್‌ವರೆಗೆ ರೂಪಾಯಿಗೆ ಹದಿನಾರಾಣೆ. ಸಂತೆಯಲ್ಲಿ ಭಿನ್ನರಾಶಿ ಬಾರದವನು ಮೋಸಹೋಗುತ್ತಿದ್ದ.

ಆಟ ಶಾಲೆಯ ಬಾಗಿಲು ದಾಟಲು ಬಹಳ ಕಾಲ ಬೇಕಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆಡುತ್ತಾ ಕಲಿಯುವ ‘ನಲಿ-ಕಲಿ’ ಪದ್ಧತಿ ಹುಟ್ಟಿತು. ಆಮೇಲೆ ಅಕ್ಷರ ಫೌಂಡೇಷನ್ ಎಂಬ ಸ್ವಯಂಸೇವಾ ಸಂಸ್ಥೆ ಸರ್ಕಾರದ ಜೊತೆಗೂಡಿ ‘ಗಣಿತ ಕಲಿಕಾ ಆಂದೋಲನ’ ನಡೆಸಿ, ಮಣಿ, ದಾಳಗಳಿರುವ ಕಿಟ್ಟನ್ನು ಸರ್ಕಾರಿ ಶಾಲೆಗಳ ನಾಲ್ಕು, ಐದನೆಯ ತರಗತಿಗೆ ತಲುಪಿಸಿತು. ಅದು ದೊಡ್ಡ ಕೆಲಸ. ಆ ಪೆಟ್ಟಿಗೆಗೆ ನಾಲ್ಕು ಕವಡೆಯನ್ನೂ ಸೇರಿಸಬೇಕು. ದಾಳದ ಆರೂ ಮುಖಕ್ಕೆ ಸಮಪಾಲು; ಕವಡೆಯಲ್ಲಿ ಹಾಗಿಲ್ಲ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಬರುವ ಹೊತ್ತಿಗೆ, ಎರಡು ಏಕೆ ಹೆಚ್ಚು ಬೀಳುತ್ತದೆ ಎಂಬುದನ್ನು ಮಕ್ಕಳು ಐದು ವರ್ಷ ಮೊದಲೇ ಆಡಿ, ಗೀಟು ಹಾಕಿ ಎಣಿಸಿ ನೋಡಿರುತ್ತಾರೆ.